ಗೇಜಿನ ಮುಳ್ಳು

"ಗೇರ್ ಪಾರ್ಕಿನಲ್ಲೇ ಇರಲಿ ಅಕ್ಕ. ಬ್ರೇಕ್ ಬಿಡ್ಬೇಡಿ," ಕಾರಿನ ಅಡಿಯಿಂದ ಮೆಕ್ಯಾನಿಕ್ ಅಸ್ಕರ್ ಕೂಗಿದ.

ಸುಪ್ರಿತಾ ಬ್ರೇಕ್ ಒತ್ತಿ ಗಡಿಯಾರ ನೋಡಿದಳು. ಹನ್ನೆರಡೂ ಮುಕ್ಕಾಲು. ಎರಡು ಗಂಟೆಗೆ ಪುತ್ತೂರಿನಲ್ಲಿ ಅತ್ತೆ ಅಪ್ಪಿಯ ಡಯಾಲಿಸಿಸ್. ದಾರಿಯ ಏರಿನಲ್ಲಿ ಇಂಜಿನ್ ಬೊಬ್ಬಿಟ್ಟಿತ್ತೇ ಹೊರತು ಕಾರು ಮುಂದೆ ಹೋಗಿರಲಿಲ್ಲ. ಸುಳ್ಯದ ಈ ಗ್ಯಾರೇಜಿಗೆ ತೆವಳಿಕೊಂಡು ಬಂದಿತ್ತು. ಫೋನ್ ಮಾಡಿದ್ದಕ್ಕೆ ಶೈಲೇಶ್ ಜೀಪಿನಲ್ಲಿ ಬಂದಿದ್ದ, ಅವಳ ತೀರಿಹೋದ ಗಂಡನ ಅಣ್ಣ.

"ಕ್ಲಚ್ ಇಲ್ಲದ ಗಾಡಿ. ಏರಿನಲ್ಲಿ ಎಷ್ಟು ಒತ್ತುದು ಅಂತ ನಿನಗೆ ಗೊತ್ತಾಗುದಿಲ್ಲ," ಎಂದ. "ಕೀ ಕೊಡು. ಇನ್ನು ಕಾರು ನನ್ನಲ್ಲಿರಲಿ. ಅಮ್ಮನನ್ನು ನಾನೇ ಕರ್ಕೊಂಡು ಹೋಗ್ತೇನೆ."

"ನೀನಾ?" ಹಿಂದಿನ ಸೀಟಿನಿಂದ ಅಪ್ಪಿ. "ಹೋದ ತಿಂಗಳು ನೀನು ಬರ್ತೇನೆ ಅಂದ ದಿನ ನಾನು ಕಾದು ಕಾದು ಚಪ್ಪಲಿ ಹಾಕಿಕೊಂಡೇ ಊಟ ಮಾಡಿದ್ದು."

ಅಸ್ಕರ್ ಪೈಪು ಸಿಕ್ಕಿಸಿದ, ಎಣ್ಣೆಯ ಒತ್ತಡ ತೋರಿಸುವ ಗೇಜನ್ನು ಹಿಡಿದುಕೊಂಡು ಎದ್ದ. ಮುಳ್ಳು ಗಡಗಡ ನಡುಗುತ್ತಿತ್ತು.

"ಚಳಿಜ್ವರ ನೋಡಿ ಇದಕ್ಕೆ. ಗೇರ್ ಬಾಕ್ಸಿನ ಪಂಪು ಎಣ್ಣೆ ಒತ್ತುದು, ಒತ್ತಡ ಹೆಚ್ಚಾದರೆ ವಾಲ್ವು ತೆರೆದು ಕೆಳಗೆ ಬಿಡುದು. ಏರು ಬಂದರೆ ಬಿಗಿ ಹಿಡಿಯುದು. ಪಂಪು ಗಾಳಿ ಕುಡಿದರೆ ವಾಲ್ವು ಎಂತ ಮಾಡ್ತದೆ? ಎಣ್ಣೆಯೇ ಇಲ್ಲ. ಸೋರಿದ್ದೂ ಇಲ್ಲ. ಯಾರು ತೆಗೆದದ್ದು?"



"ಮೊನ್ನೆ ಎಣ್ಣೆ ಅಳೆಯುವ ಕಡ್ಡಿ ಹಾಕಿ ನೋಡಿದೆ ಮಾರಾಯ," ಶೈಲೇಶ್ ಹೇಳಿದ. "ಗೆರೆಯಿಂದ ಮೇಲೆ ಇತ್ತು. ಎರಡು ಬಾಟ್ಲಿ ತೆಗೆದೆ."

"ಇಂಜಿನ್ ಬಂದ್ ಮಾಡಿ ನೋಡಿದ್ದಾ?"

"ಮತ್ತೆ? ಜೀಪಿಗೆ ಹಾಗೇ ಅಲ್ವಾ?"

"ಇದಕ್ಕೆ ಇಂಜಿನ್ ಓಡುವಾಗಲೇ ನೋಡ್ಬೇಕು ಶೈಲೇಶಣ್ಣ. ಬಂದ್ ಮಾಡಿದರೆ ಮೇಲಿನ ಎಣ್ಣೆ ಕೆಳಗೆ ಇಳಿದು ಜಾಸ್ತಿ ಕಾಣ್ತದೆ."

ಅಸ್ಕರ್ ಸುರಿದ ಕೆಂಪು ಎಣ್ಣೆ ಒಳಗೆ ಹೋದಂತೆ ಮುಳ್ಳಿನ ನಡುಕ ನಿಂತಿತು. ಸುಪ್ರಿತಾ ಎಕ್ಸಿಲರೇಟರ್ ಒತ್ತಿದಳು. ಮುಳ್ಳು ಏರಿ ಒಂದು ಕಡೆ ನಿಂತಿತು. ಬಿಟ್ಟಳು; ಇಳಿಯಿತು. ಮತ್ತೆ ಒತ್ತಿದಳು. ಮತ್ತೆ.

"ಸಾಕು ಅಕ್ಕ, ಸರಿಯಾಯ್ತು."

ಅವಳು ಕಾಲು ತೆಗೆದಳು.

"ಆದರೂ ಇವತ್ತು ನಾನು ಬಿಡ್ತೇನೆ," ಎಂದು ಶೈಲೇಶ್ ಅವಳ ಬದಿಯ ಬಾಗಿಲು ತೆರೆದು ನಿಂತ.

ಅಪ್ಪಿ ಹಿಂದಿನಿಂದ ಮೆಲ್ಲ ಇಳಿದು, ಕಾರನ್ನು ಹಿಡಿದುಕೊಂಡೇ ಸುತ್ತಿ ಬಂದು, ಸೊಸೆಯ ಪಕ್ಕದ ಸೀಟಿನಲ್ಲಿ ಕುಳಿತರು. ಸೂಜಿ ಚುಚ್ಚುವ ಕೈಯನ್ನು ಜೋಪಾನವಾಗಿ ಮಡಿಲಲ್ಲಿಟ್ಟು, ಇನ್ನೊಂದರಿಂದ ಬೆಲ್ಟ್ ಎಳೆದುಕೊಂಡರು.

"ಬಾಗಿಲು ಹಾಕು ಶೈಲೇಶ. ಏಸಿ ಹೊರಗೆ ಹೋಗ್ತಾ ಉಂಟು."