ಒಂದು ದಿನವೂ ರಜೆ ಹಾಕದವಳು

ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಅವಳು ತಾನೇ ಹೊಲಿದ ಕಾಲರಿನ ಹೊಲಿಗೆಯನ್ನು ಬಿಚ್ಚತೊಡಗಿದಳು. ಟ್ರಿಮ್ಮರಿನ ತುದಿ ಒಂದೊಂದೇ ದಾರವನ್ನು ಎತ್ತಿ ಕತ್ತರಿಸುತ್ತಿತ್ತು. ಒಂದು ಕಾಲರ್ ಮುಗಿಯಿತು. ಇನ್ನೊಂದನ್ನು ಎತ್ತಿಕೊಂಡಳು.

ಪಕ್ಕದ ಮಷೀನಿನ ಗಂಗಲಕ್ಷ್ಮಮ್ಮನ ಕಣ್ಣು ತಪ್ಪಿಸುವುದು ಮಾತ್ರ ಆಗಲಿಲ್ಲ.

“ಅಲ್ಲ ಕಣೇ, ಹೊಲ್ದಿದ್ನೇ ಬಿಚ್ತಾ ಕುಂತಿದ್ದೀಯಲ್ಲ, ನಿಂಗೇನ್ ಬಂದೈತೆ? ಈ ತಿಂಗ್ಳು ಬಹುಮಾನ ನಿಂದೇ ಅಂತ ಲೈನೆಲ್ಲಾ ಮಾತಾಡ್ತೈತೆ.”

“ಅದಕ್ಕೇ ಅಕ್ಕಾ.”

ಮಧುಗಿರಿಯ ಆ ಗಾರ್ಮೆಂಟ್ಸ್‌ನಲ್ಲಿ ಹೆಂಗಸರು ನಿಲ್ಲುತ್ತಿರಲಿಲ್ಲ. ಕೊರಟಗೆರೆ ಕಡೆಯಿಂದ, ಶಿರಾ ಕಡೆಯಿಂದ ವ್ಯಾನು ತುಂಬಿ ಬರುವರು. ಹಬ್ಬಕ್ಕೆಂದು ಊರಿಗೆ ಹೋದವರು ಹೋದ ಹಾಗೆಯೇ. ಇದ್ದವರಿಗೆ ಹುರುಪು ತುಂಬಲೆಂದೇ ತುಮಕೂರಿನಿಂದ ಜಯಕುಮಾರ್ ಎಂಬ ಹೊಸ ಎಚ್‌ಆರ್ ಬಂದಿದ್ದ. ಪ್ರತಿ ತಿಂಗಳು ಎಲ್ಲರಿಗಿಂತ ಹೆಚ್ಚು ಹೊಲಿದ ಒಬ್ಬಳಿಗೆ ಬಹುಮಾನ. ಗೆದ್ದವಳ ಫೋಟೋ ಗೇಟಿನ ಫ್ಲೆಕ್ಸ್ ಮೇಲೆ, ಪಾವಗಡದವರೆಗೂ ಓಡಾಡುವ ಕಂಪನಿ ಬಸ್ಸಿನ ಬೆನ್ನ ಮೇಲೆ.

ಆ ಫೋಟೋ ಆಗಬಾರದು. ಕೆಲಸವೂ ಹೋಗಬಾರದು. ಟಾರ್ಗೆಟ್ ಮುಟ್ಟಬೇಕು, ದಾಟಬಾರದು. ಅವಳ ಕೈಗೋ ನಿಧಾನ ಗೊತ್ತಿರಲಿಲ್ಲ. ಹೊಲಿದಾದ ಮೇಲೆ ಬಿಚ್ಚುವುದೊಂದೇ ದಾರಿ.

“ಬುಡು, ಗೆದ್ರೂ ಕೊಡೋದು ಗೋಡೆ ಗಡಿಯಾರ. ಟೈಮಾಯ್ತು ಟೈಮಾಯ್ತು ಅಂತ ಇಲ್ಲಿ ಬೈಸ್ಕಳಾದು ಸಾಲ್ದಾ?” ಗಂಗಲಕ್ಷ್ಮಮ್ಮ ನಕ್ಕು, ದನಿ ತಗ್ಗಿಸಿದಳು. “ನಿಜ ಹೇಳು, ಗಂಡನ ಕಾಟ ತಡೀದೆ ಓಡ್ಬಂದ್ಬುಟ್ಟಿದ್ದೀಯಾ? ಮಾಸ್ಕ್ ಬೇರೆ ಯಾವಾಗ್ಲೂ ತೆಗ್ಯಲ್ಲ. ವನಜಾಕ್ಷಿ... ಏ ವನಜಾಕ್ಷೀ!”

ಎರಡನೇ ಸಲ ಕರೆದಾಗ ಅವಳು ತಿರುಗಿದಳು. ಮಾಸ್ಕನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡಳು. ಗಂಗಲಕ್ಷ್ಮಮ್ಮ ಅದನ್ನು ಹೂಂ ಎಂದೇ ತಿಳಿದಳು.

ಅವಳಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಕೊರೋನಾದ ಎರಡನೇ ಅಲೆಗೆ ಮುಂಚೆ ಬಾಡಿಗೆ ರೂಮಿನಲ್ಲಿ ಅವಳೂ ಸೇರಿ ಇಬ್ಬರು ಗೆಳತಿಯರಿದ್ದರು. ಒಬ್ಬಳಿಗೆ ಪಾವಗಡದ ಕಡೆಯ ಕ್ಯಾತಗಾನಚೆರ್ಲಿನಲ್ಲಿ ಪೆದ್ದಮ್ಮ ಎಂಬ ತಾಯಿ ಇದ್ದಳು. ಇನ್ನೊಬ್ಬಳಿಗೆ ಯಾರೂ ಇರಲಿಲ್ಲ. ತನ್ನದೆನ್ನುವ ಗುರುತಿನ ಚೀಟಿ ಕೂಡ ಇರಲಿಲ್ಲ. ಜ್ವರ ಏರಿದಾಗ ಇಬ್ಬರೂ ಒಂದೇ ಆಟೋದಲ್ಲಿ ಆಸ್ಪತ್ರೆಗೆ ಹೋದರು. ಮರಳಿದ್ದು ಒಬ್ಬಳೇ, ಆ ರೂಮಿನಲ್ಲಿದ್ದ ಒಂದೇ ಒಂದು ಗುರುತಿನ ಚೀಟಿಯೊಂದಿಗೆ. ಆ ದಿನಗಳಲ್ಲಿ ಎಷ್ಟೋ ಜನರಿಗೆ ಆದಂತೆ, ಸತ್ತವಳ ಮುಖವನ್ನು ಕೊನೆಯ ಸಲ ನೋಡಲೂ ಆಗಲಿಲ್ಲ. ಅವಳನ್ನು ಹುಡುಕಿಕೊಂಡು ಯಾರೂ ಬರಲಿಲ್ಲ. ಗಾರ್ಮೆಂಟ್ಸ್ ಮತ್ತೆ ತೆರೆದಾಗ ಸುತ್ತ ಎಲ್ಲರೂ ಹೊಸಬರು, ಎಲ್ಲರ ಮುಖಕ್ಕೂ ಮಾಸ್ಕ್.

ಊಟದ ಬೆಲ್ಲು ಹೊಡೆದರೆ ಅವಳು ಡಬ್ಬಿ ಬಿಟ್ಟು, ಫೋನು ಇಟ್ಟಿದ್ದ ಲಾಕರಿನತ್ತ ಓಡುವಳು.

“ಉಂಡ್ಯಾ ತಲ್ಲೀ?” ಗಡಿಯ ತೆಲುಗು ಬೆರೆತ ಅಕ್ಕರೆಯಲ್ಲಿ ಪೆದ್ದಮ್ಮನ ಮೊದಲ ಮಾತು ಯಾವಾಗಲೂ ಅದೇ.

“ಈಗ ಉಣ್ತೀನಮ್ಮಾ. ನೀನು?”

“ನಂದಾಯ್ತು. ಆ ಜ್ವರ ಬಂದಾಗಿಂದ ಕಟ್ಟಿದ ನಿನ್ ಗಂಟ್ಲು ಸರಿಹೋಗ್ಲೇ ಇಲ್ಲ ನೋಡು. ಕಣ್ಣಿನ ಆಪರೇಷನ್ ಆದ್ಮೇಲೆ ನಂಗೆ ಕರೆಂಟ್ ಕಂಬದ ಮೇಲಿನ ಕಾಗೇನೂ ಕಾಣ್ತೈತೆ. ನೀನೊಬ್ಳೇ ಕಾಣ್ತಿಲ್ಲ. ಹಬ್ಬಕ್ಕಾದ್ರೂ ಬಾರೇ.”

“ರಜಾ ಕೊಡಲ್ಲಮ್ಮಾ.”

ಪೆದ್ದಮ್ಮನ ಮನೆಯ ರಾಗಿ, ಮಾತ್ರೆ ಎಲ್ಲವೂ ಅವಳ ಸಂಬಳದಲ್ಲೇ ನಡೆಯುತ್ತಿತ್ತು. ಆದರೆ ಉಂಡೆಯಾ ಎಂದು ಕೇಳುವ ಇನ್ನೊಂದು ಜೀವ ಅವಳಿಗೆ ಭೂಮಿಯ ಮೇಲಿರಲಿಲ್ಲ. ಆ ಒಂದು ಮಾತಿಗೆ ಬೆಳಗಿನಿಂದ ಕಾಯುತ್ತಿದ್ದಳು. ಕೇಳಿದ ಮೇಲೆ ಸಂಜೆಯವರೆಗೆ ತಲೆ ಎತ್ತದೆ ಹೊಲಿಯುತ್ತಿದ್ದಳು.

“ರಜಾ ಕೊಡಲ್ಲ ಅಂತ ಯಾರಮ್ಮ ಹೇಳಿದ್ದು?”

ಅಂದು ತಿರುಗಿ ನೋಡಿದರೆ ಹಿಂದೆ ಜಯಕುಮಾರ್ ನಿಂತಿದ್ದ. ನಗುತ್ತಿದ್ದ.

“ಇಲ್ಲಿ ಒಂದು ದಿನವೂ ರಜೆ ಹಾಕದವರು ನೀವೊಬ್ಬರೇ. ಬಿಟ್ಟು ಹೋದವರು ಯಾಕೆ ಹೋದರು ಅಂತ ಕೇಳಿ ಕೇಳಿ ನನಗೆ ಸಾಕಾಗಿದೆ. ನೀವು ಯಾಕೆ ಬರ್ತೀರಿ, ಅದನ್ನ ಹೇಳಿ. ಸಂಬಳಕ್ಕಾ? ಬಹುಮಾನಕ್ಕಾ?”

ಸುಳ್ಳು ಹೊಳೆಯಲಿಲ್ಲ. ಫೋನು ಇನ್ನೂ ಕೈಯಲ್ಲಿ ಬೆಚ್ಚಗಿತ್ತು.

“ಅಮ್ಮ, ಸಾರ್.”

ಅವನ ಮುಖ ಅರಳಿತು. ಆಡಿದ ಮಾತನ್ನು ಹೊಲಿಗೆಯಂತೆ ಬಿಚ್ಚಲು ಬರುವಂತಿದ್ದರೆ ಆಗಲೇ ಬಿಚ್ಚುತ್ತಿದ್ದಳು.

ತಿಂಗಳ ಕೊನೆಗೆ ಅಂಗಳದಲ್ಲಿ ಶಾಮಿಯಾನ ಎದ್ದಿತು. ಜಯಕುಮಾರ್ ಮೈಕು ಹಿಡಿದ.

“ಈ ಸಲದ ಬಹುಮಾನ ಹೆಚ್ಚು ಹೊಲಿದವರಿಗಲ್ಲ. ಒಂದು ದಿನವೂ ತಪ್ಪದೆ ಬಂದವರಿಗೆ. ವನಜಾಕ್ಷಿ!”

ಚಪ್ಪಾಳೆ ಬಿತ್ತು. ಬಿಚ್ಚಿದ ಕಾಲರುಗಳೆಲ್ಲ ವ್ಯರ್ಥ. ಅವಳು ಟಾಯ್ಲೆಟ್ಟಿನ ಕಡೆ ತಿರುಗುವಷ್ಟರಲ್ಲಿ ಗಂಗಲಕ್ಷ್ಮಮ್ಮ ರಟ್ಟೆ ಹಿಡಿದಳು.

“ಎದುರ್ಕಬ್ಯಾಡ ಕಣೇ. ಆ ನಿನ್ ಗಂಡ ಬಂದ್ರೆ ಇಷ್ಟು ಜನ ಹೆಂಗಸ್ರು ಸುಮ್ನೆ ಬುಡ್ತೀವಾ?”

“ಬೇಡಕ್ಕಾ, ನಿನ್ ದಮ್ಮಯ್ಯ.”

ಹತ್ತಾರು ಕೈಗಳು ಅವಳನ್ನು ವೇದಿಕೆಗೆ ತಳ್ಳಿದವು. ಫೋಟೋದವನು ಮಾಸ್ಕ್ ತೆಗೆಯಲು ಹೇಳಿದ. ಮಾಸ್ಕಿನ ದಾರ ಕಿವಿಗೆ ಸಿಕ್ಕಿಕೊಂಡಿತು. ಜಯಕುಮಾರನೇ ಬಿಡಿಸಿಕೊಟ್ಟ.

“ಒಂದು ನಿಮಿಷ, ಫೋಟೋ ಈಗಲೇ ಬೇಡ. ಇವರನ್ನು ದಿನಾ ಇಲ್ಲಿಗೆ ಕರೆತರುವ ಶಕ್ತಿ ಯಾರು ಗೊತ್ತಾ? ಆಫೀಸಿನಲ್ಲಿದ್ದ ವಿಳಾಸಕ್ಕೆ ಕಾರು ಕಳಿಸಿ, ಇವರಿಗೂ ಹೇಳದೆ ಕರೆಸಿದ್ದೇವೆ!”

ಗೇಟಿನ ಬಳಿ ಕಾರಿನ ಬಾಗಿಲು ತೆರೆಯಿತು. ಹುರಿದ ಕಡಲೆಕಾಯಿಯ ಗಂಟನ್ನು ಎದೆಗವಚಿಕೊಂಡ ಮುದುಕಿಯೊಬ್ಬಳು ಇಳಿದಳು. ಹೆಂಗಸರು ಎದ್ದು ದಾರಿ ಬಿಟ್ಟರು. ಕೆಲವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಪೆದ್ದಮ್ಮ ಯಾರ ಆಸರೆಯೂ ಇಲ್ಲದೆ ಮೆಟ್ಟಿಲು ಹತ್ತಿ ಬಂದಳು.

ಅಮ್ಮಾ ಎನ್ನಲು ಅವಳ ಬಾಯಿ ತೆರೆಯಿತು. ಕೈ ಮಾತ್ರ ಮುಖದ ಮೇಲಿಲ್ಲದ ಮಾಸ್ಕಿನತ್ತ ಹೋಯಿತು.

ಮುದುಕಿ ಅವಳ ಮುಖವನ್ನು ನೆಟ್ಟಗೆ ನೋಡಿದಳು. ಸೌಜನ್ಯಕ್ಕೊಮ್ಮೆ ನಕ್ಕಳು. ಆಮೇಲೆ ಅವಳ ಭುಜದಾಚೆ ಕತ್ತು ಚಾಚಿ ಇಣುಕಿದಳು.

“ಸ್ವಲ್ಪ ಪಕ್ಕಕ್ಕೆ ಸರ್ಕೋ ತಲ್ಲೀ, ನಮ್ ವನಜಾ ಬರ್ಲಿ.”