ಐದಡಿ ಕಪ್ಪು ಮಣ್ಣು

ಮಣ್ಣಿನ ಚೀಲ ಬಂದಿತ್ತು, ಜೊತೆಗೆ ಚೀಟಿಯೂ ಬಂದಿತ್ತು. ಆದರೆ ಚೀಟಿಯಲ್ಲಿ ಊರಿನ ಹೆಸರು, ಸರ್ವೆ ನಂಬರು ಬಿಟ್ಟರೆ ‘ಸ್ಥಳದ ವಿವರ’ ಎಂಬ ಕಡೆ ಒಂದಕ್ಷರವೂ ಇರಲಿಲ್ಲ. ಪ್ರಯೋಗಾಲಯದ ಪರೀಕ್ಷಕಿ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹನ್ನೊಂದು ವರ್ಷಗಳಲ್ಲಿ ಮಣ್ಣು ಕಳಿಸುವ ಸರ್ವೇಯರು ಆ ಜಾಗವನ್ನು ಖಾಲಿ ಬಿಟ್ಟವರಲ್ಲ. ಬೇರೆಯವರು ‘ಸಮತಟ್ಟು, ಒಣಹವೆ’ ಎಂದು ಗೀಚಿ ಕೈ ತೊಳೆದುಕೊಂಡರೆ, ಇವರು ಅಂಚಿನವರೆಗೂ ಬರೆಯುತ್ತಿದ್ದರು: ‘ಕೆಂಪು ಜಲ್ಲಿಯ ದಿಬ್ಬ. ಗಾಳಿ ನಿಂತದ್ದೇ ಇಲ್ಲ. ಒಂದೇ ಮರ, ಅದೂ ಪೂರ್ವಕ್ಕೆ ಬಾಗಿದೆ.’ ತಕ್ಕಡಿಗೂ ಮಣ್ಣು ಒಣಗಿಸುವ ಒಲೆಗೂ ನಡುವೆ ಕೂತು ನಲವತ್ತಾರು ದಾಟಿದ ಅವಳು ಹೊರಗಿನ ನೆಲವನ್ನೆಲ್ಲ ನೋಡಿದ್ದು ಆ ಚೀಟಿಗಳಲ್ಲೇ.

ಮಣ್ಣಿನ ಪದರ ನೋಡಲು ಊರೂರಲ್ಲಿ ಗುಂಡಿ ತೋಡಿಸುತ್ತಿದ್ದ ಅವರನ್ನು ಕಚೇರಿಯಲ್ಲಿ ಎಲ್ಲರೂ ಗುಂಡಿ ಸಾಹೇಬರು ಎನ್ನುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಕಳೆದದ್ದಕ್ಕಿಂತ ಗುಂಡಿಯೊಳಗೆ ಕಳೆದ ಹೊತ್ತೇ ಹೆಚ್ಚು ಎಂದು ತಮಾಷೆ. ಚೀಲ ಕೊಡುವಾಗೆಲ್ಲ ಅವರದು ಒಂದೇ ಮಾತು: “ಒಂದ್ಸಲ ಗುಂಡಿಗೇ ಬನ್ನಿ. ಚೀಲದಲ್ಲಿ ಬರೋದು ಪುಡಿಯಾದ ಮಣ್ಣು. ಅದು ಹೇಗೆ ಬದುಕಿತ್ತು ಅಂತ ಅಲ್ಲೇ ನೋಡ್ಬೇಕು.”

“ಮುಂದಿನ ಸಲ ಸಾರ್” ಎನ್ನುತ್ತಿದ್ದಳು ಅವಳು. ಮನೆಯಲ್ಲಿ ಅತ್ತಿಗೆ ಇದ್ದಳು. “ಜೀಪಲ್ಲಿ ಪರಗಂಡಸಿನ ಪಕ್ಕ ಕೂತು ಹೋದ್ರೆ ಜನ ಸುಮ್ನಿರ್ತಾರಾ? ಅಣ್ಣನ ಮರ್ಯಾದೆ ನೋಡ್ಕೋ” ಎಂದು ಅವಳು ಒಮ್ಮೆ ಅಂದದ್ದೇ ಸಾಕಾಗಿತ್ತು. ಹೋದ ವಾರ ಸರ್ವೇಯರು ಫೋನ್ ಮಾಡಿದ್ದರು. “ಇದೇ ನನ್ನ ಕೊನೇ ಗುಂಡಿ. ಶನಿವಾರ ನಿವೃತ್ತಿ. ಜೀಪು ಬೇಡ, ಬಸ್ಸಲ್ಲೇ ಬನ್ನಿ. ನಾನು ಇಲ್ಲೇ ಇರ್ತೀನಿ.” ಅವಳು “ನೋಡ್ತೀನಿ ಸಾರ್” ಎಂದಿದ್ದಳು. ನೋಡುತ್ತ ನೋಡುತ್ತ ಶನಿವಾರ ಕಳೆದುಹೋಗಿತ್ತು.

ಅವಳು ಹಿಡಿ ಮಣ್ಣನ್ನು ನೀರು ಹಾಕಿ ನಾದಿ, ಹೆಬ್ಬೆರಳಿನಿಂದ ಒತ್ತಿ ಪಟ್ಟಿ ಎಳೆದಳು. ಗೇಣುದ್ದ ಬಂದರೂ ತುಂಡಾಗಲಿಲ್ಲ: ಅಪ್ಪಟ ಜೇಡಿ. ಆಮ್ಲ ಬಿಟ್ಟಾಗ ಬುಸುಗುಟ್ಟಿತು: ಸುಣ್ಣವಿದೆ. ಆದರೆ ಯಾವ ನೆಲ, ಎಂಥ ಬೇಸಿಗೆ ಎಂದು ತಿಳಿಯದೆ ಆ ಮಣ್ಣಿಗೊಂದು ವರ್ಗ ಕೊಡುವ ಹಾಗಿರಲಿಲ್ಲ. “ಸಮತಟ್ಟು ಅಂತ ಹಾಕಿ ಕಳಿಸ್ರೀ, ಯಾರ್ ನೋಡ್ತಾರೆ” ಎಂದರು ಮೇಲಧಿಕಾರಿ. ಅವಳು ಕೈ ತೊಳೆದು, ಚೀಟಿಯನ್ನು ಬ್ಯಾಗಿಗೆ ಹಾಕಿಕೊಂಡು, ಅರ್ಧ ದಿನ ರಜೆ ಬರೆದಿಟ್ಟು ಬಸ್ಸು ಹತ್ತಿದಳು. ಅತ್ತಿಗೆಗೆ ಹೇಳಲಿಲ್ಲ.

ಬಸ್ಸಿಳಿದರೆ ಕಣ್ಣು ಹಾಯುವಷ್ಟು ದೂರ ಕಪ್ಪು ಬಯಲು. ಬಿಸಿಲಿಗೆ ನೆಲ ಅಂಗೈ ತೂರುವಷ್ಟು ಬಿರಿದಿತ್ತು. ಬೇಲಿಯ ಕಂಬಗಳು ಕುಡುಕರ ಸಾಲಿನಂತೆ ಒಂದು ಆ ಕಡೆ, ಇನ್ನೊಂದು ಈ ಕಡೆ ವಾಲಿದ್ದವು. ಗುಂಡಿಯ ಪಕ್ಕ ಅದನ್ನು ತೋಡಿದ ಕೂಲಿ ಹೆಂಗಸು ಗುದ್ದಲಿಗೆ ಒರಗಿ ನಿಂತಿದ್ದಳು.

“ಗಿಡ್ಡಕ್ಕೆ ಒಬ್ರು ಮೇಡಮ್ಮು ಬರ್ತಾರೆ ಅಂದಿದ್ರು. ನೀವೇನಾ? ಎರಡು ದಿನ ಕಾದ್ರಲ್ಲ, ಛತ್ರಿ ಹಿಡ್ಕೊಂಡು ಇಲ್ಲೇ ಕೂತಿದ್ರು. ಮುಚ್ಬೇಡ, ಒಂದು ವಾರ ಬಿಡು ಅಂತ ಹೇಳಿ ತಮ್ಮೂರಿಗೆ ಹೊರಟ್ರು.”

ಗುಂಡಿಯ ಒಂದು ಬದಿಗೆ ಆರು ಮೆಟ್ಟಿಲು ಕಡಿದಿತ್ತು. “ಇದು ಎಲ್ಲಾ ಗುಂಡಿಗೂ ಇರುತ್ತಾ?” ಎಂದು ಕೇಳಿದಳು.

“ಎಲ್ಲಿ! ಅವರು ಧುಮುಕೋ ಪೈಕಿ. ಇದನ್ನ ಅವರೇ ಕೂತು ಕಡಿದ್ರು. ಸೀರೆಯಲ್ಲಿ ಇಳಿಯೋಕೆ ಆಗ್ಬೇಕಲ್ಲ, ಗೇಣು ಗೇಣಿಗೆ ಇರ್ಲಿ ಅಂತ.”

ಅವಳು ಇಳಿದಳು. ನೆತ್ತಿ ನೆಲದ ಮಟ್ಟಕ್ಕಿಂತ ಕೆಳಗಾಯಿತು. ಹನ್ನೊಂದು ವರ್ಷಗಳಲ್ಲಿ ತಾನಾಗಿ ಒಮ್ಮೆಯೂ ಒತ್ತದ ನಂಬರನ್ನು ಒತ್ತಿದಳು. ಆ ಕಡೆ ರೈಲಿನ ಸದ್ದು.

“ಸಾರ್, ಗುಂಡಿಯಲ್ಲಿದೀನಿ.”

ರೈಲು ಒಂದಷ್ಟು ದೂರ ಓಡಿತು. ಆಮೇಲೆ ಅವರು ಕೇಳಿದರು, “ಹೇಗಿದೆ?”

“ಮೇಲೆ ಅವರೆಕಾಳಿನ ಹಾಗೆ ಉದುರು. ಬಿರುಕು ನನ್ನ ಮೊಣಕಾಲಿನವರೆಗೂ ಇಳಿದಿದೆ, ಮೇಲಿನ ಮಣ್ಣು ಒಳಗೆ ಬಿದ್ದಿದೆ. ಕೆಳಗೆ ಹೆಂಟೆಗಳ ಮೈ ಎಣ್ಣೆ ಸವರಿದ ಹಾಗೆ ಹೊಳೀತಿದೆ, ಓರೆಯಾಗಿ.”

“ಯಾಕೆ ಹೇಳಿ?”

“ಮಳೆಗಾಲದಲ್ಲಿ ಉಬ್ಬುತ್ತೆ. ಜಾಗ ಸಾಲದೆ ಒಂದಕ್ಕೊಂದು ಉಜ್ಕೊಳ್ಳುತ್ತೆ. ಅದಕ್ಕೇ ಕಂಬ ವಾಲಿರೋದು. ಪಡುವಣದ ಕಡೆ ಚಪ್ಪಟೆ ತಲೆಯ ಕರಿಗಲ್ಲಿನ ಗುಡ್ಡ ಕಾಣ್ತಿತ್ತು. ಮಣ್ಣು ಅಲ್ಲಿಂದ್ಲೇ ಇಳಿದು ಬಂದಿರ್ಬೇಕು.”

“ಅಷ್ಟನ್ನೂ ಬರೀರಿ. ಆ ಜಾಗ ನೀವೇ ಬರೀಬೇಕು ಅಂತ ಬಿಟ್ಟಿದ್ದೆ.” ಅವರ ದನಿ ತಗ್ಗಿತು. “ಇನ್ನೇನಾದ್ರೂ ಇದೆಯಾ?”

ಇತ್ತು. ಅವಳು ಗೋಡೆಯ ಬುಡಕ್ಕೆ ಅಂಗೈ ಒತ್ತಿದಳು. ನಾಲ್ಕು ತಿಂಗಳಿಂದ ಹನಿ ಬಿದ್ದಿರಲಿಲ್ಲ. ಆದರೂ ಅಂಗೈ ತಣ್ಣಗಾಯಿತು.

“ಮೇಲಷ್ಟೇ ಸಾರ್ ಒಣಗಿರೋದು” ಎಂದಳು. “ಕೆಳಗೆ ಇನ್ನೂ ತೇವ ಇದೆ.”

ಅವರು ಏನೋ ಅಂದರು. ರೈಲು ಯಾವುದೋ ಸೇತುವೆ ಹತ್ತಿತು, ಬರೀ ಕಬ್ಬಿಣದ ಸದ್ದು ಕೇಳಿತು, ಆಮೇಲೆ ಅದೂ ನಿಂತಿತು. ಅವಳು ಬ್ಯಾಗಿನಿಂದ ಚೀಟಿ ತೆಗೆದು, ಆ ಖಾಲಿ ಜಾಗವನ್ನು ಅಂಚಿನವರೆಗೂ ಬರೆದು ತುಂಬಿದಳು.

ಅವಳು ಹತ್ತಿ ಬಂದಾಗ ಹೆಂಗಸು ಗುದ್ದಲಿ ಎತ್ತಿಕೊಂಡಳು. “ದನ ಬಿದ್ರೆ ಕಷ್ಟ ಅಮ್ಮಾ. ಇನ್ನು ಮುಚ್ಲಾ?”

“ಮುಚ್ಚಿ” ಎಂದಳು. ನಾಲ್ಕು ಹೆಜ್ಜೆ ನಡೆದವಳು ತಿರುಗಿ ನಿಂತಳು. “ಮೆಟ್ಟಿಲಿರೋ ಕಡೆ ಮಾತ್ರ... ಕೊನೇಲಿ ಮುಚ್ಚಿ.”