ಇಪ್ಪತ್ತೆರಡು ಸಹಿ

ಮ್ಯಾನೇಜರ್ ಪ್ರಭುಲಿಂಗನ ಮೇಜಿನ ಮೇಲಿದ್ದ ಹಾಳೆಗಳ ಕಟ್ಟಿಗೆ ಉಮ್ಮೆ ಕುಲ್ಸುಂ ಬೆರಳಿಟ್ಟಳು. “ನೋಡಿ ಟೀಚರ್, ನನ್ ಸೈನು! ಹೊಸ ಐಡಿ ಕಾರ್ಡಿಗಂತೆ. ಎರಡು ಒತ್ತಕ್ಷರಾನೂ ತಪ್ಪಿಲ್ಲ. ಹೆಬ್ಬೆಟ್ಟು ಕುಲ್ಸುಂ ಅಂತಿದ್ರಲ್ಲ, ಈಗ ಅನ್ಲಿ!”

ಟಿನ್ ಫ್ಯಾಕ್ಟರಿ ಬಳಿಯ ಈ ಗಾರ್ಮೆಂಟ್ಸಿನ ಹೆಂಗಸರಿಗೆ ಶರಣವ್ವ ಎರಡು ತಿಂಗಳಿಂದ ಊಟದ ಬಿಡುವಿನಲ್ಲಿ ಸಹಿ ಕಲಿಸುತ್ತಿದ್ದಳು. ಸ್ಲೇಟು, ಬಳಪ ಕೊಡಿಸಿದ್ದ ಪ್ರಭುಲಿಂಗನನ್ನು ಕಂಡವರೆದುರೆಲ್ಲ ಹೊಗಳಿದ್ದಳು. ಈಗ ಆ ಹಾಳೆಗಳತ್ತ ಬಾಗಿ ನೋಡಿದಳು. ಕನ್ನಡದಲ್ಲೇ ಇತ್ತು: ಸ್ವಂತ ಇಚ್ಛೆಯಿಂದ ಇವತ್ತಿಗೆ ಕೆಲಸ ಬಿಡುತ್ತಿದ್ದೇನೆ.

“ಇದೇನ್ರೀ ಸರ್?”

“ಇಪ್ಪತ್ತೆರಡು ಜನಾನೂ ಹಾಕಿದ್ರು ಮೇಡಂ, ಎಲ್ಲಾ ನಿಮ್ ಪುಣ್ಯ.” ಪ್ರಭುಲಿಂಗ ಕಟ್ಟನ್ನು ಬೀರುವಿನಲ್ಲಿಟ್ಟು ಬೀಗ ತಿರುಗಿಸಿದ. “ಹೆಬ್ಬೆಟ್ಟಾದ್ರೆ ಯಾರು ಓದಿ ಹೇಳಿದ್ರು, ಸಾಕ್ಷಿ ಯಾರು ಅಂತ ನೂರು ಪ್ರಶ್ನೆ. ಸೈನಿಗೆ ಆ ತಲೆನೋವಿಲ್ಲ.”

ಶರಣವ್ವ ತಾನು ಓದಿದ್ದನ್ನು ಎಲ್ಲರಿಗೂ ಕೇಳುವಂತೆ ಹೇಳಿದಳು. ಉಣ್ಣುತ್ತಿದ್ದ ಹೆಂಗಸರು ಡಬ್ಬಿ ಬಿಟ್ಟು ಎದ್ದು ಬಂದರು. ಕುಲ್ಸುಂ ಪ್ರಭುಲಿಂಗನ ಕಡೆ ತಿರುಗಲೂ ಇಲ್ಲ.

“ಅವ್ನ ಬುದ್ಧಿ ಬಿಡಿ, ನಮಗ್ ಗೊತ್ತಿದ್ದಿದ್ದೇ. ನೀವಿದ್ದೀರಲ್ಲ ಅಂತ ಸೈನ್ ಹಾಕಿದ್ವಿ. ‘ಇವರಿಗೆ ಸಹಿ ಸಾಕು, ಓದೋದು ಆಮೇಲೆ’ ಅಂತ ಅವ್ನಂದಾಗ ನೀವ್ಯಾಕೆ ಹ್ಞೂಂ ಅಂದ್ರಿ ಟೀಚರ್?”